ಹಿತ್ತಲ ಗಿಡ ಯಾರಿಗೆ ಮದ್ದು?

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ದೂರಿನ ದನಿಯಲ್ಲಿ ಬಳಸುತ್ತೇವೆ. ಊರಿನ ವೈದ್ಯರನ್ನು ಬಿಟ್ಟು ಪೇಟೆಯ ವೈದ್ಯರ ಬಾಗಿಲು ಕಾಯುವವರನ್ನು ಕಂಡಾಗ, ಹೊರಗಿನವರು ಹೊಗಳುವ ತನಕ ಮನೆಯ ಸೊಸೆಯ ಹಾಡನ್ನು ಕಿವಿಗೆ ಹಾಕಿಕೊಳ್ಳದವರನ್ನು ಕಂಡಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹತ್ತಿರ ಇದ್ದದ್ದು ಸಸಾರ, ಅಷ್ಟೇ ಅರ್ಥ ಎಂದು ಮುಂದೆ ಹೋಗುತ್ತೇವೆ. ಈ ಗಾದೆಗೆ ಇನ್ನೂ ಒಂದು ಪದರವಿದೆ ಎಂದು ನನಗೆ ಅನ್ನಿಸಿದ್ದು ನಾರ್ವೆ ದೇಶದ ಒಬ್ಬ ಹುಡುಗನ ಬದುಕು ತಿಳಿದ ಮೇಲೆ.

ಗಾದೆ ಹುಟ್ಟಿದ ನೆಲವನ್ನೇ ಮೊದಲು ನೋಡೋಣ. ಹಿತ್ತಲೆಂದರೆ ಮನೆಯ ಹಿಂಬದಿ, ಬಂದ ನೆಂಟರ ಕಣ್ಣಿಗೆ ಬೀಳದ ಜಾಗ. ಬಚ್ಚಲ ನೀರು ಹರಿದುಹೋಗುವಲ್ಲಿ ಒಂದೆಲಗ ಹಬ್ಬಿರುತ್ತದೆ, ಒಗೆಯುವ ಕಲ್ಲಿನ ಪಕ್ಕ ದೊಡ್ಡಪತ್ರೆ, ಬೇಲಿಯ ಮೇಲೆ ಅಮೃತಬಳ್ಳಿ, ಮಳೆ ಬಿದ್ದ ಮೇಲೆ ಕಾಲಡಿಯಲ್ಲೆಲ್ಲ ನೆಲನೆಲ್ಲಿ. ಮನೆಯವರಿಗೆ ಇವುಗಳ ಮೇಲೆ ತಾತ್ಸಾರವೇನೂ ಇಲ್ಲ. ನೀರು ಹಾಕುತ್ತಾರೆ, ದನ ಬಾಯಿ ಹಾಕದಂತೆ ಮುಳ್ಳು ಒಡ್ಡುತ್ತಾರೆ. ಒಂದು ದಿನ ಪಕ್ಕದ ಬೀದಿಯಿಂದ ಯಾರೋ ಬಂದು, 'ಅಮ್ಮಾ, ಮಗುವಿಗೆ ಕಾಮಾಲೆ, ನಿಮ್ಮ ಹಿತ್ತಲಲ್ಲಿ ನೆಲನೆಲ್ಲಿ ಇದೆಯಂತಲ್ಲ' ಎನ್ನುತ್ತಾರೆ. ಮನೆಯವರು ಆ ಗಿಡದ ಕಡೆ ಸರಿಯಾಗಿ ನೋಡುವುದು ಆಗ. ಅದು ಮದ್ದೆಂದು ಮೊದಲು ಅರಿತದ್ದು ಬೇನೆ ಇದ್ದವರು, ನೀರು ಹಾಕಿದವರಲ್ಲ. ಗಾದೆ ತಾತ್ಸಾರ ಮಾಡುವವರಿಗೆ ಮಾತ್ರ ಹೇಳಿದ್ದು ಎಂದುಕೊಂಡರೆ ನಾವು ಸುಲಭವಾಗಿ ಪಾರಾಗಿಬಿಡುತ್ತೇವೆ. ಅಕ್ಕರೆಯಿಂದ ಸಾಕಿದವರಿಗೂ ಅದು ಅಷ್ಟೇ ಅನ್ವಯಿಸುತ್ತದೆ.

ನಾರ್ವೆಯ ಆ ಹುಡುಗ ಮ್ಯಾಟ್ಸ್ ಸ್ಟೀನ್. ಅವನು ಹುಟ್ಟಿದ್ದು 1989ರಲ್ಲಿ. ಎಳವೆಯಲ್ಲೇ ಅವನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ ಇರುವುದು ಗೊತ್ತಾಯಿತು. ಸ್ನಾಯುಗಳನ್ನು ಗಟ್ಟಿಯಾಗಿಡುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ಈ ಕಾಯಿಲೆಯವರ ಮೈಯಲ್ಲಿ ತಯಾರಾಗುವುದಿಲ್ಲ. ಅದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳನ್ನೇ ಹಿಡಿಯುತ್ತದೆ. ಓಡಾಡುತ್ತಿದ್ದ ಮಗು ಎಡವತೊಡಗುತ್ತದೆ, ಹತ್ತು ಹನ್ನೆರಡರ ಹೊತ್ತಿಗೆ ಗಾಲಿಕುರ್ಚಿ, ಆಮೇಲೆ ಉಸಿರಿಗೂ ಹೃದಯಕ್ಕೂ ಕುತ್ತು. ಮ್ಯಾಟ್ಸ್‌ಗೆ ಕೊನೆಯ ವರ್ಷಗಳಲ್ಲಿ ಉಳಿದದ್ದು ಬೆರಳುಗಳ ಸಣ್ಣ ಅಲುಗಾಟ ಮಾತ್ರ. ಆ ಬೆರಳುಗಳಿಂದಲೇ ಅವನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದ. ಲೋಕದ ನಾನಾ ಕಡೆಯವರು ಒಟ್ಟಿಗೆ ಸೇರಿ ಆಡುವ ಆಟ ಅದು. ಹತ್ತು ವರ್ಷಗಳಲ್ಲಿ ಅವನು ಅದರಲ್ಲಿ ಕಳೆದದ್ದು 15,000ದಿಂದ 20,000 ಗಂಟೆ ಎಂದು ಲೆಕ್ಕ. ತಂದೆ ರಾಬರ್ಟ್, ತಾಯಿ ಟ್ರೂಡೆ ಇಬ್ಬರಿಗೂ ಇದು ಮಗನ ಹೊತ್ತು ಕಳೆಯುವ ದಾರಿಯಾಗಿ ಮಾತ್ರ ಕಂಡಿತ್ತು. ಮಗನಿಗೆ ಗೆಳೆತನ, ಪ್ರೀತಿ, ಇನ್ನೊಬ್ಬರ ಬದುಕಿಗೆ ಆಸರೆಯಾಗುವ ಸುಖ ಯಾವುದೂ ಸಿಗದೆ ಹೋಯಿತಲ್ಲ ಎಂಬುದೇ ಅವರ ದೊಡ್ಡ ಕೊರಗಾಗಿತ್ತು.

2014ರ ನವೆಂಬರ್ 18ರಂದು, 25ನೆಯ ವಯಸ್ಸಿನಲ್ಲಿ ಮ್ಯಾಟ್ಸ್ ತೀರಿಕೊಂಡ. ಅವನು ಬರೆಯುತ್ತಿದ್ದ ಬ್ಲಾಗಿನ ಪಾಸ್‌ವರ್ಡ್ ಮನೆಯವರ ಬಳಿ ಇತ್ತು. ಯಾರಾದರೂ ಓದುವವರು ಇದ್ದಾರೇನೋ ಎಂದು ತಂದೆ ಅಲ್ಲಿ ಸಾವಿನ ಸುದ್ದಿ ಬರೆದು, ತಮ್ಮ ಇ-ಮೇಲ್ ವಿಳಾಸ ಕೊಟ್ಟರು. ಒಂದರ ಹಿಂದೆ ಒಂದು ಕಾಗದ ಬರತೊಡಗಿತು. ಎಲ್ಲರೂ ಬರೆದದ್ದು 'ಇಬೆಲಿನ್' ಎಂಬ ಗೆಳೆಯನ ಬಗ್ಗೆ. ಆಟದೊಳಗೆ ಮ್ಯಾಟ್ಸ್ ತಾಳಿದ್ದ ರೂಪ ಅದು. 'ಸ್ಟಾರ್‌ಲೈಟ್' ಎಂಬ ಬಳಗದಲ್ಲಿ ಅವನು ಬಹಳ ವರ್ಷಗಳಿಂದ ಇದ್ದ. ನೆದರ್ಲೆಂಡ್ಸ್‌ನ ಒಬ್ಬ ಹುಡುಗಿಯ ಕಂಪ್ಯೂಟರನ್ನು ಹೆತ್ತವರು ಕಿತ್ತುಕೊಂಡಾಗ ಅವಳು ಗೆಳೆಯರಿಂದ ದೂರವಾಗಿ ಕುಗ್ಗಿಹೋಗಿದ್ದಳು. ಅವಳ ಹೆತ್ತವರಿಗೆ ಇವನು ತಿಳಿಹೇಳಿ ಕಾಗದ ಬರೆದಿದ್ದ. ಆಟಿಸಂ ಇರುವ ಮಗನ ಜೊತೆ ಮಾತೇ ಹತ್ತದೆ ಸೋತಿದ್ದ ತಾಯಿಯೊಬ್ಬರಿಗೆ, ನೀವೂ ಆಟಕ್ಕೆ ಬನ್ನಿ, ಅಲ್ಲೇ ಅವನನ್ನು ಮಾತಾಡಿಸಿ ಎಂದು ದಾರಿ ತೋರಿಸಿದ್ದ. ಗೆಳೆಯರ ಸಂಕಟ ಕೇಳಿಸಿಕೊಂಡು ರಾತ್ರಿಗಳನ್ನು ಕಳೆದಿದ್ದ. ತನ್ನ ಕಾಯಿಲೆಯ ಮಾತನ್ನು ಮಾತ್ರ ವರ್ಷಗಳ ಕಾಲ ಅವರಲ್ಲಿ ಎತ್ತಲೇ ಇಲ್ಲ.

ಓಸ್ಲೊದಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಬಳಗದ ಕೆಲವರು ಬೇರೆ ದೇಶಗಳಿಂದ ಬಂದರು. ಅವರಲ್ಲೊಬ್ಬರು ಅಲ್ಲಿ ಎದ್ದು ನಿಂತು ಮಾತಾಡಿದರು: ಇದೇ ಹೊತ್ತಿಗೆ ನೆದರ್ಲೆಂಡ್ಸ್‌ನ ಒಂದು ತರಗತಿಯಲ್ಲಿ, ಐರ್ಲೆಂಡಿನ ಒಂದು ಕಾಲ್ ಸೆಂಟರಿನಲ್ಲಿ, ಸ್ವೀಡನ್ನಿನ ಒಂದು ಗ್ರಂಥಾಲಯದಲ್ಲಿ ಮ್ಯಾಟ್ಸ್‌ಗಾಗಿ ಮೇಣದಬತ್ತಿ ಉರಿಯುತ್ತಿದೆ ಎಂದರು. ಆ ಮುಖಗಳನ್ನು ಹೆತ್ತವರು ಕಂಡದ್ದು ಅದೇ ಮೊದಲು. ಇಬೆಲಿನ್‌ಗೆ ಆಟದೊಳಗೆ ದಿನವೂ ಒಂದು ಗೊತ್ತಾದ ದಾರಿಯಲ್ಲಿ ಓಡುವ ಅಭ್ಯಾಸವಿತ್ತು. ಅವನ ನೆನಪಿಗೆಂದು ಬಳಗದವರು ಆಮೇಲೆ ವರ್ಷವರ್ಷವೂ ಆಟದೊಳಗೇ ಓಟ ನಡೆಸಿದರು. ನಾವು ವರ್ಷಾಬ್ದಿಕಕ್ಕೆ ತೀರಿಕೊಂಡವರಿಗೆ ಪ್ರಿಯವಾದ ಅಡುಗೆ ಮಾಡಿ ಎಡೆ ಇಡುವುದಿಲ್ಲವೇ, ಅದೇ ಭಾವ ಇದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದಕ್ಕೂ ನಮ್ಮಲ್ಲಿ ಗಾದೆ ಸಿದ್ಧವಾಗಿದೆ: 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.' ಮುಖ ನೋಡದವರ ಗೆಳೆತನ ದೂರದ ನೋಟ. ದಿನವೂ ಎತ್ತಿ ಕೂರಿಸಿದವರು, ರಾತ್ರಿ ಎದ್ದು ಮಗ್ಗುಲು ಬದಲಿಸಿದವರು ಹೆತ್ತವರಲ್ಲವೇ, ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಬಳಗದವರು ಕಂಡದ್ದು ನುಣ್ಣನೆಯ ಬೆಟ್ಟವನ್ನಲ್ಲ. ಆಟದ ಒಳಗಿನ ಮಾತುಕತೆಗಳ ದಾಖಲೆ ಸಾವಿರಾರು ಪುಟ ಉಳಿದಿತ್ತು. ಅದನ್ನು ಆಧರಿಸಿ ಬೆಂಜಮಿನ್ ರೀ ಎಂಬ ನಿರ್ದೇಶಕರು ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ಬಂತು. ಕಾಯಿಲೆ ಬಲಿತಂತೆ ಮ್ಯಾಟ್ಸ್ ಗೆಳೆಯರ ಮೇಲೆ ರೇಗಿದ್ದು, ನೋಯಿಸಿದ್ದು, ದೂರ ತಳ್ಳಿದ್ದು, ಮತ್ತೆ ಹತ್ತಿರ ಬಂದದ್ದು ಎಲ್ಲವೂ ಅದರಲ್ಲಿದೆ. ಮುನಿಸಿಕೊಂಡು ರಾಜಿಯಾದವರು ದೂರದವರಲ್ಲ. ಎರಡೂ ಗಾದೆಗಳನ್ನು ಅಕ್ಕಪಕ್ಕ ಇಟ್ಟು ತೂಗಿದರೆ ಇಲ್ಲಿ ಸಲ್ಲುವುದು ಹಿತ್ತಲ ಗಾದೆಯೇ ಎಂಬುದು ನನ್ನ ತೀರ್ಮಾನ.

ಹಾಗಾದರೆ ಅಷ್ಟು ಅಕ್ಕರೆಯ ತಂದೆತಾಯಿಗೆ ಕಾಣದೆ ಹೋದದ್ದು ಏಕೆ? ಅವರನ್ನು ದೂರಲು ನನಗೆ ಮನಸ್ಸಿಲ್ಲ, ದೂರುವ ಹಕ್ಕೂ ಯಾರಿಗೂ ಇಲ್ಲ. ಕಾರಣ ಆರೈಕೆಯಲ್ಲೇ ಇದೆ. ಕಾಯಿಲೆಯವರ ಮನೆಯಲ್ಲಿ ದಿನವಿಡೀ ಕೇಳುವ ಪ್ರಶ್ನೆಗಳು ಯಾವುವು? ಊಟ ಆಯಿತೇ, ಮಾತ್ರೆ ನುಂಗಿದೆಯಾ, ಎಲ್ಲಿ ನೋವು, ನಿದ್ದೆ ಬಂತೇ. ಎಲ್ಲವೂ ನಾವು ಅವರಿಗೆ ಏನು ಕೊಡಬೇಕು ಎಂಬ ಪ್ರಶ್ನೆಗಳು. ಇವತ್ತು ನೀನು ಯಾರಿಗೆ ಏನು ಕೊಟ್ಟೆ ಎಂದು ಕೇಳುವುದಕ್ಕೆ ಅಲ್ಲಿ ಎಡೆಯೇ ಇರುವುದಿಲ್ಲ. ಸದಾ ಪಡೆಯುವವನಾಗಿ ಕಂಡವನನ್ನು ಕೊಡುವವನಾಗಿ ಕಾಣುವುದು ಬಹಳ ಕಷ್ಟ. ಮಂಚ ಹಿಡಿದ ಅಜ್ಜ, ಕಣ್ಣು ಮಂಜಾದ ಚಿಕ್ಕಮ್ಮ, ಕೆಲಸ ಸಿಗದೆ ಕೋಣೆಯಲ್ಲೇ ಉಳಿದ ಮಗ, ಎಲ್ಲರ ವಿಷಯದಲ್ಲೂ ನಾವು ಹೀಗೇ. ಅವರು ಯಾರಿಗೋ ಬೇಕಾದವರು ಎಂಬುದನ್ನು ನೋಡುವುದೂ ಆರೈಕೆಯ ಒಂದು ಭಾಗ, ಮಾತ್ರೆಯಷ್ಟೇ ಮುಖ್ಯವಾದ ಭಾಗ ಎಂದು ನಾನು ನಂಬುತ್ತೇನೆ.

ಇದು ತಿರುವುಮುರುವಾಗಿ ನಡೆದದ್ದೂ ಉಂಟು. ಡೆಬಿಯನ್ ಎಂಬುದು 1993ರಲ್ಲಿ ಶುರುವಾದ, ಸ್ವಯಂಸೇವಕರು ಸೇರಿ ಕಟ್ಟಿ ಲೋಕಕ್ಕೆ ಉಚಿತವಾಗಿ ಕೊಟ್ಟ ಕಂಪ್ಯೂಟರ್ ವ್ಯವಸ್ಥೆ. ಆ ಬಳಗದಲ್ಲಿ ದುಡಿದ ಜೋಯಲ್ ಕ್ಲೆಕರ್ 2000ದ ಜುಲೈನಲ್ಲಿ ತೀರಿಕೊಂಡಾಗ ವಯಸ್ಸು 21. ಅವರಿಗೂ ಇದೇ ಡುಶೆನ್ ಕಾಯಿಲೆ. ಬಳಗದಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಅವರು ಅಷ್ಟು ಕೆಲಸ ಮಾಡಿದ್ದರು ಎಂದು ತಿಳಿದದ್ದು ಸತ್ತ ಮೇಲೆ. ಮರುತಿಂಗಳು ಹೊರಬಂದ ಡೆಬಿಯನ್ 2.2 ಆವೃತ್ತಿಯನ್ನು ಅವರಿಗೆ ಅರ್ಪಿಸಿದರು. ಮ್ಯಾಟ್ಸ್ ವಿಷಯದಲ್ಲಿ ಮನೆಗೆ ಹೊರಗಿನ ಬಾಳು ಕಾಣಲಿಲ್ಲ, ಇಲ್ಲಿ ಹೊರಗಿನವರಿಗೆ ಮನೆಯೊಳಗಿನ ನೋವು ಕಾಣಲಿಲ್ಲ. ದಿನವೂ ಸಿಗುವ ನೆರವು ಎಲ್ಲಿಂದ ಬರುತ್ತಿದೆ, ಕೊಡುವವರು ಹೇಗಿದ್ದಾರೆ ಎಂದು ವಿಚಾರಿಸುವ ಅಭ್ಯಾಸ ಬಳಗಗಳಿಗೂ ಬೇಕು.

ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಬರುವುದನ್ನು 'ಮಾತಾಡಿಸಿಕೊಂಡು ಬರುವುದು' ಎನ್ನುತ್ತೇವೆ. ಬಂದವರು ಹೆಚ್ಚು ಮಾತಾಡುವುದಿಲ್ಲ, ಆದರೆ ಎದ್ದು ಹೊರಡುವಾಗ ಯಾರೋ ಒಬ್ಬರು ತಡೆದು ಹೇಳುತ್ತಾರೆ: 'ನನ್ನ ಮಗಳ ಕಾಲೇಜು ಫೀಸು ಕಟ್ಟಿದ್ದು ನಿಮ್ಮ ಯಜಮಾನರು, ಯಾರಿಗೂ ಹೇಳಬೇಡ ಅಂದಿದ್ದರು.' ಮನೆಯವರು ಅತ್ತು ಹಗುರಾಗುವುದು ಅಂಥ ಮಾತಿಗೆ. ಮ್ಯಾಟ್ಸ್‌ನ ಹೆತ್ತವರಿಗೆ ಬಂದ ಕಾಗದಗಳೂ ಮಾತಾಡಿಸಲು ಬಂದ ಊರವರೇ. ಆ ಗೆಳೆಯರಿಗೆ ಸುದ್ದಿ ಮುಟ್ಟದೆ ಹೋಗಿದ್ದರೆ ಎರಡು ಕಡೆಯೂ ನಷ್ಟವಾಗುತ್ತಿತ್ತು. ಇಬೆಲಿನ್ ಏಕೆ ಬರುತ್ತಿಲ್ಲ ಎಂದು ಬಳಗ ಕಾಯುತ್ತಲೇ ಇರುತ್ತಿತ್ತು, ಮಗ ಒಂಟಿಯಾಗಿ ಸತ್ತ ಎಂಬ ಕೊರಗಿನಲ್ಲೇ ಹೆತ್ತವರು ಉಳಿಯುತ್ತಿದ್ದರು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಪರದೆಯ ಮುಂದೆ ಕುಳಿತಿರುವ ಮಗನನ್ನೋ ತಂಗಿಯನ್ನೋ ನಿವೃತ್ತ ಮಾವನವರನ್ನೋ, ಅಲ್ಲಿ ಯಾರಿದ್ದಾರೆ, ಅವರಿಗೆ ನೀವು ಏನಾಗಬೇಕು ಎಂದು ಒಮ್ಮೆ ಅಕ್ಕರೆಯಿಂದ ಕೇಳಿ. ಅಂಥ ಬಳಗದಲ್ಲಿ ನೀವೇ ಇದ್ದರೆ, ಯಾರಿಗೆ ಸುದ್ದಿ ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟಿಡಿ. ಬಂಧುಬಳಗಕ್ಕೆ ಫೋನು ಮಾಡುವ ದಿನ ಬಂದಾಗ, ತೀರಿಕೊಂಡವರನ್ನು ಕಾಯುತ್ತಿರುವ ಆ ದೂರದ ಗೆಳೆಯರಿಗೂ ದಯವಿಟ್ಟು ಸುದ್ದಿ ಮುಟ್ಟಿಸಿ.