ಅರ್ಜಿಯೂ ಆಪ್ತವಾಕ್ಯವೂ

ತನ್ನ ಗುಣಗಳನ್ನು ತಾನೇ ಎತ್ತಿ ಹೇಳಿಕೊಳ್ಳುವುದು ದೋಷವೆಂದು ನಮ್ಮ ಹಿರಿಯರು ಎಣಿಸಿದ್ದರು. ತಪಸ್ಸಿನಲ್ಲಿ ನಿನಗೆ ಸಮಾನರಾರೆಂದು ಇಂದ್ರನು ಕೇಳಲು, ದೇವಮನುಷ್ಯರಲ್ಲಿ ಅಂತಹವರಾರನ್ನೂ ಕಾಣೆನೆಂದು ಉತ್ತರವಿತ್ತ ಯಯಾತಿಯು ಆ ಒಂದು ಮಾತಿನಿಂದಲೇ ಸ್ವರ್ಗಭ್ರಷ್ಟನಾದನು. ಕರ್ಣಪರ್ವದಲ್ಲಿ ಅಣ್ಣನನ್ನು ನಿಂದಿಸಿದ ಅರ್ಜುನನು ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಹೊರಟಾಗ, ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೊಗಳಿಕೊ, ಅದು ಆತ್ಮವಧೆಗೆ ಸಮಾನವಾದುದೆಂದು ಕೃಷ್ಣನು ಉಪಾಯ ಹೇಳಿದನು. ಈ ಕಥೆಗಳನ್ನು ಪಾಠ ಹೇಳುವಾಗ ನಾವು ಒಂದು ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯಯಾತಿಯು ತಾನಾಗಿ ಹೇಳಿಕೊಂಡವನಲ್ಲ, ಇಂದ್ರನು ಕೇಳಿದನು. ಉತ್ತರ ಹೇಳಿದವನು ಬಿದ್ದನು, ಕೇಳಿದವನಿಗೆ ಏನೂ ಆಗಲಿಲ್ಲ.

ಈ ಕಾಲದಲ್ಲಿ ಕೇಳುವ ಸ್ಥಾನದಲ್ಲಿ ವಿಶ್ವವಿದ್ಯಾನಿಲಯಗಳು ಕುಳಿತಿವೆ. ಸರ್ಕಾರಿ ಕಾಲೇಜಿಗೆ ಸೇರುವವರ ತೊಂದರೆ ಬೇರೆ ಬಗೆಯದು. ಪಿ.ಯು.ಸಿ. ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್ ಸಂಖ್ಯೆ ಇವುಗಳನ್ನು ಯು.ಯು.ಸಿ.ಎಂ.ಎಸ್. ಎಂಬ ಜಾಲತಾಣದಲ್ಲಿ ತುಂಬಿದರೆ, ಇತಿಹಾಸ, ರಾಜ್ಯಶಾಸ್ತ್ರಗಳೊಡನೆ ಪತ್ರಿಕೋದ್ಯಮವನ್ನೂ ಒಂದು ವಿಷಯವನ್ನಾಗಿ ಆರಿಸಿಕೊಂಡು ಬಿ.ಎ. ಓದಬಹುದು. (೨೦೨೧ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯು ೨೦೨೪ರಲ್ಲಿ ತಿರುಗಿ ಮೂರು ವರ್ಷಕ್ಕೆ ಇಳಿದುದನ್ನು ನೆನೆದರೆ, ತಂದೆತಾಯಿಗಳ ಗೊಂದಲಕ್ಕೆ ಕಾರಣವಿದೆಯೆನ್ನಬೇಕು.) ಅಲ್ಲಿ ಮನಸ್ಸಿನ ವಿಷಯವನ್ನು ಯಾರೂ ಕೇಳುವುದಿಲ್ಲ. ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಕೆಲವು ಮಾತ್ರ, ನೀನು ಪತ್ರಿಕಾವೃತ್ತಿಗೆ ಏಕೆ ಬರಬಯಸುವೆ, ನಿನ್ನಲ್ಲಿ ಏನು ವಿಶೇಷವಿದೆ ಎಂಬುದನ್ನು ಐದುನೂರು ಮಾತುಗಳಲ್ಲಿ ಬರೆದು ಕಳುಹಿಸೆನ್ನುವುವು. ಹದಿನೇಳು ಹದಿನೆಂಟು ವರ್ಷದ ಬಾಲಕ ಬಾಲಕಿಯರಿಗೆ ಇದು ಇಂದ್ರನ ಪ್ರಶ್ನೆಯೇ ಸರಿ. ಹೊಗಳಿಕೊಂಡರೆ ವಿನಯಭಂಗ, ಹೊಗಳಿಕೊಳ್ಳದಿದ್ದರೆ ಸ್ಥಾನಭಂಗ.

ಪತ್ರಿಕೆಯ ಕೆಲಸಕ್ಕೆ ಪದವಿಯಾದರೂ ಏತಕ್ಕೆ ಬೇಕೆಂದು ಕೆಲವರು ಶಂಕಿಸಬಹುದು. ಶಂಕೆಗೆ ಆಧಾರವಿಲ್ಲದಿಲ್ಲ. ೧೮೪೩ರ ಜುಲೈ ಒಂದನೆಯ ತಾರೀಖು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗನು ಬಾಸೆಲ್ ಮಿಷನ್ನಿನ ಪಾದ್ರಿ. 'ವೃತ್ತಾಂತ ಚಿಂತಾಮಣಿ'ಯನ್ನು ನಡೆಸಿದ ತಾತಯ್ಯನವರು, ಎಂದರೆ ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನ ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರು. ೧೯೦೮ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಬಿಗಿಹಿಡಿಯುವ ಶಾಸನವನ್ನು ತಂದಾಗ, ಅದಕ್ಕೆ ತಲೆಬಾಗುವುದಕ್ಕಿಂತ ಪತ್ರಿಕೆಯನ್ನು ನಿಲ್ಲಿಸುವುದೇ ಲೇಸೆಂದು ನಿಲ್ಲಿಸಿದವರು ಅವರು. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನನ್ನೂ ದಾಟಿದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾದುದು ೧೯೫೧ರಲ್ಲಿ, ನಾಡಿಗ ಕೃಷ್ಣಮೂರ್ತಿಗಳ ಶ್ರಮದಿಂದ. ಅದಕ್ಕೆ ಮುಂಚೆ ನೂರು ವರ್ಷ ಕನ್ನಡ ಪತ್ರಿಕೆಗಳು ಪದವೀಧರರಿಲ್ಲದೆಯೇ ನಡೆದುವು. ಆದರೆ ಆ ದೊಡ್ಡವರ ಉದಾಹರಣೆಯನ್ನು ತೋರಿಸಿ ಬಡವರ ಮಗಳಿಗೆ ಪದವಿ ಬೇಡವೆನ್ನುವುದು ನ್ಯಾಯವಲ್ಲ. ದೊಡ್ಡ ಪತ್ರಿಕೆಯ ಕಚೇರಿಯಲ್ಲಿ ಪರಿಚಯದವರಿಲ್ಲದವಳಿಗೆ ಕಾಲೇಜಿನ ಬಾಗಿಲೊಂದೇ ಬಾಗಿಲು.

ಹಾಗಾದರೆ ಆ ಬಾಗಿಲಲ್ಲಿ ಕೇಳತಕ್ಕ ಪ್ರಶ್ನೆ ಯಾವುದು? ನ್ಯಾಯಶಾಸ್ತ್ರದವರು ಆಪ್ತನ ಮಾತೇ ಶಬ್ದಪ್ರಮಾಣವೆಂದು ಹೇಳಿ, ಆಪ್ತನಾರೆಂಬುದನ್ನು ವಿಚಾರಿಸಿದರು. ವಾತ್ಸ್ಯಾಯನನ ಭಾಷ್ಯದಲ್ಲಿ ಇದಕ್ಕೆ ಮೂರು ಗುಣಗಳು ಸಿಕ್ಕುತ್ತವೆ: ವಿಷಯವನ್ನು ಸಾಕ್ಷಾತ್ತಾಗಿ ಅರಿತಿರುವುದು, ಪ್ರಾಣಿಗಳಲ್ಲಿ ದಯೆ, ಇದ್ದುದನ್ನು ಇದ್ದಂತೆ ತಿಳಿಸಬೇಕೆಂಬ ಇಚ್ಛೆ. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಹೇಳಿರುವನು. ಕುಲವನ್ನೂ ಕೇಳಲಿಲ್ಲ, ಪದವಿಯನ್ನೂ ಕೇಳಲಿಲ್ಲ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ವೇದಪ್ರಾಮಾಣ್ಯದ ವಿಚಾರವೆಂದಷ್ಟೇ ತಿಳಿದಿದ್ದೆನು. ದಿನಪತ್ರಿಕೆಯನ್ನು ಐವತ್ತು ವರ್ಷ ಓದಿದ ಮೇಲೆ, ವರದಿಗಾರನ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲವೆಂದು ತೋರುತ್ತದೆ. ಮೂರರಲ್ಲಿ ನಡುವಣದು ದಯೆಯೆಂಬುದನ್ನು ವಾಚಕರು ಗಮನಿಸಬೇಕು. ಅರಿವೂ ಸತ್ಯೇಚ್ಛೆಯೂ ಇದ್ದು ದಯೆಯಿಲ್ಲದವನು ಹೇಳಿದ್ದು ನಿಜವಾಗಿರಬಹುದು, ಅವನನ್ನು ಆಪ್ತನೆನ್ನುವಂತಿಲ್ಲ.

ಇಷ್ಟನ್ನು ಬರೆಯುವುದಕ್ಕೆ ಕಾರಣವಾದ ಪ್ರಸಂಗವು ಪೀಣ್ಯದ ಕಡೆಯದು. ನಮ್ಮ ಬೀದಿಯಲ್ಲಿರುವ ಕಾರ್ಮಿಕರೊಬ್ಬರು ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದು, ಕೆಲವು ವರ್ಷಗಳ ಹಿಂದೆ ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡರು. ಈಗಲೂ ಅಲ್ಲಿಯೇ ಸಾಮಾನು ಎಣಿಸುವ ಕೆಲಸ ಮಾಡುತ್ತಿರುವರು. ಅವರ ಮಗಳು ಈ ವರ್ಷ ಪತ್ರಿಕೋದ್ಯಮದ ಪದವಿಗೆ ಅರ್ಜಿ ಬರೆಯುತ್ತ, ಐದುನೂರು ಮಾತುಗಳ ಲೇಖನವನ್ನು ನನ್ನಲ್ಲಿಗೆ ತಂದಳು. ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿರುವ ಸೋದರಮಾವನ ಮಗನು ಕಂಪ್ಯೂಟರಿನ ಕೃತಕ ಬುದ್ಧಿಯಿಂದ ಅದನ್ನು ತಿದ್ದಿಸಿಕೊಟ್ಟಿದ್ದನು. ಇಂಗ್ಲಿಷು ನಿರ್ದುಷ್ಟವಾಗಿತ್ತು. ತಂದೆಯ ರಕ್ತವನ್ನು ಕಂಡ ದಿನವೇ, ಬಾಯಿಲ್ಲದವರ ಬಾಯಾಗುವೆನೆಂದು ತಾನು ಪ್ರತಿಜ್ಞೆ ಮಾಡಿದುದಾಗಿ ಅದರಲ್ಲಿತ್ತು.

"ಮೇಷ್ಟ್ರೇ, ಅಪ್ಪನಿಗೆ ಆದದ್ದು ನಿಜ. ಪ್ರತಿಜ್ಞೆ ಗಿತಿಜ್ಞೆ ನಾನು ಮಾಡಲಿಲ್ಲ. ಆಗ ನನಗೆ ಎಂಟು ವರ್ಷ, ಅಜ್ಜಿಯ ಊರಿನಲ್ಲಿದ್ದೆ. ಹೀಗೇ ಬರೆದು ಕಳುಹಿಸಿದರೆ ತಪ್ಪಾ?" ಎಂದಳು.

ತಪ್ಪೆಂದು ಹೇಳುವುದು ಸುಲಭ. ಏಕೆ ತಪ್ಪೆಂಬುದನ್ನು ಹೇಳುವುದು ಅಷ್ಟು ಸುಲಭವಲ್ಲ. ಆ ಪ್ರತಿಜ್ಞೆಯಿಂದ ಯಾರಿಗೂ ನಷ್ಟವಿಲ್ಲ. ಓದುವವರೂ ಅದನ್ನು ಅಕ್ಷರಶಃ ನಂಬುವರೋ ಇಲ್ಲವೋ. ಎಲ್ಲರ ಅರ್ಜಿಯಲ್ಲಿಯೂ ಇಂತಹ ಪ್ರತಿಜ್ಞೆಗಳಿರುವಾಗ ಇವಳೊಬ್ಬಳ ಸತ್ಯವು ಇವಳನ್ನು ಹಿಂದಕ್ಕೆ ತಳ್ಳುವುದಿಲ್ಲವೆ? ಬೇರೆ ಯಾವ ವಿದ್ಯೆಗೆ ಸೇರುವ ಅರ್ಜಿಯಾಗಿದ್ದರೂ ಈ ಆಕ್ಷೇಪಣೆಗೆ ನಾನು ಸ್ವಲ್ಪ ಮಣಿಯುತ್ತಿದ್ದೆನೇನೋ. ಲೆಕ್ಕ ಕಲಿಯಹೋಗುವವನು ಅರ್ಜಿಯಲ್ಲಿ ತನ್ನನ್ನು ಕುರಿತು ಸ್ವಲ್ಪ ಬಣ್ಣ ಹಚ್ಚಿದರೆ ಅವನ ಲೆಕ್ಕವು ಕೆಡುವುದಿಲ್ಲ. ಪತ್ರಿಕಾವೃತ್ತಿಗೆ ಬರುವವಳಿಗೆ ಈ ಅರ್ಜಿಯೇ ಮೊದಲನೆಯ ವರದಿ. ವಿಷಯವೂ ತಾನೇ, ಸಾಕ್ಷಿಯೂ ತಾನೇ. ತಾನು ಇಲ್ಲದಿದ್ದ ಸ್ಥಳದಲ್ಲಿ ಇದ್ದೆನೆಂದು ಬರೆಯುವ ಅಭ್ಯಾಸವು ತನ್ನ ಮನೆಯ ವಿಷಯದಲ್ಲಿಯೇ ಆರಂಭವಾದರೆ, ನೆರೆಮನೆಯ ವಿಷಯದಲ್ಲಿ ನಿಲ್ಲುವುದೆಂಬ ಭರವಸೆಯೇನು? ಯಂತ್ರವನ್ನು ದೂಷಿಸಿ ಫಲವಿಲ್ಲ. ವ್ಯಾಕರಣವನ್ನು ಯಂತ್ರವು ತಿದ್ದಲಿ, ನಾವೂ ಮೂವತ್ತು ವರ್ಷ ಅದನ್ನೇ ಮಾಡಿದೆವು. ಆದರೆ ಅದು ಸಾಕ್ಷಾತ್ತಾಗಿ ಅರಿತದ್ದಲ್ಲ. ಇಂತಹ ಮಕ್ಕಳು ಇಂತಹ ಸಂದರ್ಭದಲ್ಲಿ ಸಾಧಾರಣವಾಗಿ ಏನು ಬರೆಯುವರೆಂಬುದಷ್ಟೇ ಅದಕ್ಕೆ ಗೊತ್ತು.

ನನಗೆ ಪ್ರತಿಜ್ಞೆಗಿಂತಲೂ ಬೆರಳುಗಳೇ ಹೆಚ್ಚು ತೊಂದರೆ ಕೊಟ್ಟುವು. ತಂದೆಯ ಸಂಕಟವನ್ನು ಮಗಳು ತನ್ನ ಯೋಗ್ಯತೆಯ ಪಟ್ಟಿಯಲ್ಲಿ ಸೇರಿಸಬಹುದೆ? ಮುಂದೆ ಇತರರ ಸಂಕಟವನ್ನು ಬರೆದು ಸಂಬಳ ಪಡೆಯಬೇಕಾದವಳು ಈ ಪ್ರಶ್ನೆಯನ್ನು ಎಂದಾದರೂ ಎದುರಿಸಲೇಬೇಕು. "ಅಪ್ಪನನ್ನು ಕೇಳಿದೆಯಾ?" ಎಂದೆನು. ಕೇಳಿರಲಿಲ್ಲ. ಮಾರನೆಯ ದಿನ ಕೇಳಿಕೊಂಡು ಬಂದಳು. "ಬೆರಳಿನ ವಿಷಯ ಬೇಕಾದರೆ ಬರಿ ಮಗಳೇ, ಯಜಮಾನರ ಹೆಸರು ಮಾತ್ರ ಎತ್ತಬೇಡ, ನಾಳೆ ನಾನು ಅದೇ ಗೇಟಿನೊಳಗೆ ಹೋಗಬೇಕು" ಎಂದರಂತೆ.

ಇಲ್ಲಿ ಕೌಶಿಕನ ಕಥೆಯನ್ನು ನೆನೆಯಬೇಕಾಗುತ್ತದೆ. ಇದೂ ಕರ್ಣಪರ್ವದಲ್ಲಿ, ಕೃಷ್ಣನು ಅರ್ಜುನನಿಗೆ ಅದೇ ಸಂದರ್ಭದಲ್ಲಿ ಹೇಳಿದ್ದು. ಸತ್ಯವ್ರತನಾದ ಆ ಬ್ರಾಹ್ಮಣನು, ಓಡಿಬಂದು ಅಡಗಿದವರು ಎಲ್ಲಿರುವರೆಂದು ದಸ್ಯುಗಳು ಕೇಳಲು, ಇದ್ದುದನ್ನು ಇದ್ದಂತೆ ಹೇಳಿದನು. ಅವರು ಹತರಾದರು, ಅವನು ನರಕಕ್ಕೆ ಹೋದನು. ಆದುದರಿಂದ ಹೆಸರನ್ನು ಬಿಡುವುದು ಅಸತ್ಯವಲ್ಲವೆಂದು ನಾನು ಹೇಳಿದೆನು. ಆದರೆ ಈ ಕಥೆ ಅಪಾಯದ ಕಥೆಯೂ ಅಹುದು. ಜಾಹೀರಾತು ಕೊಡುವ ಧನಿಕನ ಹೆಸರನ್ನು ಬಿಡುವ ಸಂಪಾದಕನೂ ಕೌಶಿಕನನ್ನೇ ಮುಂದಿಡಬಲ್ಲನು. ಭೇದವಿಷ್ಟೇ: ಕೌಶಿಕನ ಕಥೆಯಲ್ಲಿ ಮೌನವು ಕಾಯಬೇಕಾದುದು ಓಡಿಬಂದವರನ್ನು, ಅಟ್ಟಿಬಂದವರನ್ನಲ್ಲ. ಈ ತಂದೆಯ ವಿಷಯದಲ್ಲಿ ದುಃಖದ ಸಂಗತಿಯೇನೆಂದರೆ, ಹೆಸರನ್ನು ಬಿಟ್ಟರೆ ಇಬ್ಬರೂ ಒಟ್ಟಿಗೆ ಕಾಪಾಡಲ್ಪಡುವರು. ಇದಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ. ಹೆಸರನ್ನು ಬಿಟ್ಟವರು ಯಂತ್ರದ ವಿಷಯವನ್ನಾದರೂ ಸರಿಯಾಗಿ ಬರೆಯಬೇಕೆಂದಷ್ಟೇ ಹೇಳಬಲ್ಲೆನು.

ಬೆಂಗಳೂರಿನ ಸುತ್ತಣ ಈ ಪ್ರದೇಶಗಳಿಂದ ಹೊರಗೆ ಬರುವ ವಾರ್ತೆಯನ್ನು ನೋಡಿದರೆ ಹುಡುಗಿಯ ಆಸೆ ವ್ಯರ್ಥವೆನಿಸುವುದಿಲ್ಲ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ನರಿಗೆಂದು ಮಹಾರಾಜರು ಭೂಮಿ ಕೊಟ್ಟ ವೈಟ್‌ಫೀಲ್ಡು, ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ೧೯೭೮ರಲ್ಲಿ ಆರಂಭವಾದ ಎಲೆಕ್ಟ್ರಾನಿಕ್ ಸಿಟಿ, ಇವುಗಳ ವಾಹನಸಂದಣಿಯೂ ನೀರಿನ ಅಭಾವವೂ ಪತ್ರಿಕೆಗಳಲ್ಲಿ ಧಾರಾಳವಾಗಿ ಬರುತ್ತವೆ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದುದನ್ನೂ, ೨೦೧೭ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದುದನ್ನೂ ಪರದೇಶಗಳವರೂ ಓದಿದರು. ಬರಬೇಕಾದ ವಾರ್ತೆಗಳೇ ಅವು. ಪೀಣ್ಯದ ಷೆಡ್ಡುಗಳ ಬೆರಳುಗಳು ಮಾತ್ರ, ನಾನು ಓದುವ ಪತ್ರಿಕೆಯಲ್ಲಿ, ಅಷ್ಟಾಗಿ ಬರುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂಬತ್ತನೆಯ ಶತಮಾನದ ಕೊನೆಯದೆನ್ನುವ ಶಾಸನವೊಂದಿದೆ. ಬೆಂಗಳೂರೆಂಬ ಹೆಸರು ಕಾಣುವ ಅತಿ ಹಳೆಯ ಬರಹವೆಂದು ಅದು ಪ್ರಸಿದ್ಧ. ಅದು ತಿಳಿಸುವುದು ಬೆಂಗಳೂರ ಕಾಳೆಗದಲ್ಲಿ ಇಂತಹವರ ಕಡೆಯ ಇಂತಹವರು ಸತ್ತರೆಂಬಷ್ಟನ್ನೇ. ಕೆತ್ತಿದವನು ತನ್ನ ಮನಸ್ಸು ಹೇಗೆ ಕರಗಿತೆಂಬುದನ್ನು ಬರೆಯಲಿಲ್ಲ.

ಹುಡುಗಿ ಲೇಖನವನ್ನು ಮತ್ತೆ ಬರೆದಳು. ತಂದೆಯ ಜೊತೆಯ ಮೂವರು ಕೆಲಸಗಾರರನ್ನು ವಿಚಾರಿಸಿ, ಪ್ರೆಸ್ಸಿಗೆ ಇರಬೇಕಾದ ಅಡ್ಡತಡಿಕೆ ಆ ದಿನ ಏಕೆ ತೆಗೆದಿಟ್ಟಿತ್ತು, ಪಾಳಿ ಎಷ್ಟು ಗಂಟೆಯದಾಗಿತ್ತು, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು ಎಂಬುದನ್ನು ಬರೆದು, ತಾನು ಆಗ ಊರಿನಲ್ಲಿರಲಿಲ್ಲವೆಂಬುದನ್ನೂ ಸೇರಿಸಿದ್ದಳು. ಆರುನೂರು ಮಾತುಗಳನ್ನು ದಾಟಿತು. ಮಿತಿಗೆ ತರುವುದಕ್ಕಾಗಿ ತನ್ನ ವಿಷಯದ ಭಾಗವನ್ನೇ ಹೊಡೆದುಹಾಕಿ ತಂದಾಗ, ಕೇಳಿರುವುದು ನಿನ್ನನ್ನು ಕುರಿತಾದುದರಿಂದ ಎರಡು ವಾಕ್ಯಗಳನ್ನಾದರೂ ಉಳಿಸೆಂದು ಹೇಳಿದೆನು. ಒಂದನ್ನು ಉಳಿಸಿ ಕಳುಹಿಸಿದಳು.