ಅಳುವುದಕ್ಕೂ ಒಂದು ಹೊತ್ತು

ಗುಬ್ಬಿಯ ತಾಯಿಯೊಬ್ಬರು ಕೇಳಿದರು: "ಫಾದರ್, ಮಗನನ್ನು ಮಣ್ಣು ಮಾಡಿದವಳು ಮತ್ತೆ ನಕ್ಕರೆ ಪಾಪವಲ್ಲವೇ?"

ನನಗೆ ಉಕ್ರೇನಿನ ಯೆಹೂದ್ಯ ಗುರು, ಬ್ರೆಸ್ಲೊವ್‌ನ ನಾಹ್ಮನ್ (1772–1810) ನೆನಪಾದರು. 1806ರಲ್ಲಿ ಎಳೆಯ ಮಗ, ಮರುವರ್ಷ ಪತ್ನಿ ತೀರಿಕೊಂಡರು. 38ನೇ ವಯಸ್ಸಿನಲ್ಲಿ ಕ್ಷಯ ಅವರನ್ನೂ ಒಯ್ದಿತು. ಆದರೂ ಸಂತೋಷವನ್ನು ಅವರು ದೈವಾಜ್ಞೆಯೆಂದೇ ಬೋಧಿಸಿದರು. ದುಃಖವನ್ನು ಅಲ್ಲಗಳೆಯಲಿಲ್ಲ, ದಿನಕ್ಕೆ ಸ್ವಲ್ಪ ಹೊತ್ತು ಏಕಾಂತದಲ್ಲಿ ಒಡೆದ ಹೃದಯವನ್ನು ದೇವರ ಮುಂದಿಟ್ಟು, ಉಳಿದ ಹೊತ್ತು ಹರ್ಷದಿಂದಿರಲು ಕಲಿಸಿದರು.

ಸಂತ ಪೌಲರು ಫಿಲಿಪ್ಪಿಯರಿಗೆ ಆನಂದಿಸಲು ಬರೆದದ್ದೂ ಸೆರೆಮನೆಯಿಂದಲೇ. ಆನಂದವೆಂದರೆ ಅಗಲಿದವರನ್ನು ಮರೆಯುವುದಲ್ಲ; ಅವರನ್ನು ದೇವರ ಕೈಗೊಪ್ಪಿಸಿ, ಜೊತೆಗಿರುವವರಿಗಾಗಿ ಬಾಳುವುದು.

ಅಮ್ಮಾ, ಸಂಜೆ ಜಪಸರ ಹಿಡಿದು ಅಳಿರಿ. ಬೆಳಿಗ್ಗೆ ಮೊಮ್ಮಗಳೊಡನೆ ನಗಿರಿ. ಎರಡೂ ಪ್ರಾರ್ಥನೆಯೇ.