ಸೀಳುತುಟಿಯೂ ಕರ್ಮವಿಚಾರವೂ

ದುಃಖವು ಒದಗಿದಾಗ ಅದರ ಕಾರಣವನ್ನು ಹುಡುಕುವುದು ಮನುಷ್ಯಬುದ್ಧಿಯ ಸ್ವಭಾವವು. ಈ ಸ್ವಭಾವದಿಂದಲೇ ಶಾಸ್ತ್ರಗಳು ಹುಟ್ಟಿದುವು. ಇದರಿಂದಲೇ ಅನೇಕ ಅನ್ಯಾಯಗಳೂ ಹುಟ್ಟಿರುವುವು. ತನ್ನ ದುಃಖಕ್ಕೆ ಕಾರಣವನ್ನು ತನ್ನ ನಡತೆಯಲ್ಲಿ ಹುಡುಕುವವನು ವಿವೇಕಿಯಾಗುವನು. ಪರರ ದುಃಖಕ್ಕೆ ಕಾರಣವನ್ನು ಪರರ ನಡತೆಯಲ್ಲಿ ಹುಡುಕಿ, ಅಷ್ಟಕ್ಕೇ ತೃಪ್ತನಾಗಿ ನಿಲ್ಲುವವನು ಏನಾಗುವನು? ಈ ಪ್ರಶ್ನೆಯನ್ನು ಸೀಳುತುಟಿ, ಸೀಳಂಗುಳಗಳೊಡನೆ ಹುಟ್ಟುವ ಶಿಶುವಿನ ನಿದರ್ಶನದಿಂದ ಪರಿಶೀಲಿಸೋಣ.

ಲೋಕದಲ್ಲಿ ಸುಮಾರು 700 ಶಿಶುಗಳಿಗೊಂದರಂತೆ ಇಂತಹ ಸೀಳು ಕಂಡುಬರುವುದೆಂದು ವೈದ್ಯರ ಅಂದಾಜು. ಗರ್ಭದಲ್ಲಿ ಮುಖವು ಮೊದಲಿನಿಂದಲೂ ಅಖಂಡವಾಗಿರುವುದಿಲ್ಲ. ಎಡಬಲಗಳಿಂದ ಬೆಳೆದು ಬರುವ ಭಾಗಗಳು ನಡುವೆ ಕೂಡಿಕೊಳ್ಳುವುವು. ತುಟಿಯ ಕೂಡಿಕೆಯು ಏಳನೆಯ ವಾರದ ಸುಮಾರಿಗೂ ಅಂಗುಳದ ಕೂಡಿಕೆಯು ಹನ್ನೆರಡನೆಯ ವಾರದ ಸುಮಾರಿಗೂ ಮುಗಿಯುವುದು. ಅದು ತಪ್ಪಿದರೆ ತುಟಿಯಲ್ಲಾಗಲಿ, ಹಲ್ಲುಗಳು ನೆಲೆಗೊಳ್ಳುವ ವಸಡಿನ ಎಲುಬಿನಲ್ಲಾಗಲಿ, ಅಂಗುಳದಲ್ಲಾಗಲಿ, ಕೆಲವೊಮ್ಮೆ ಮೂರರಲ್ಲಿಯೂ, ಸೀಳು ಉಳಿಯುವುದು. ವಂಶದಿಂದ ಬಂದ ಬೀಜಗುಣ, ಗರ್ಭಿಣಿಯ ಆಹಾರದಲ್ಲಿ ಫೋಲಿಕ್ ಆಮ್ಲದ ಕೊರತೆ, ತಂಬಾಕಿನ ಹೊಗೆ, ಮದ್ಯ, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಗಳು, ಇವು ಇದಕ್ಕೆ ಸಹಕಾರಿಗಳೆಂದು ತಿಳಿದುಬಂದಿದೆ. ಆದರೂ ಒಂದೊಂದು ಶಿಶುವಿನ ವಿಷಯದಲ್ಲಿ ಇದೇ ಕಾರಣವೆಂದು ಬೊಟ್ಟುಮಾಡಿ ತೋರಿಸುವುದು ಬಹುಮಟ್ಟಿಗೆ ಆಗದ ಮಾತು.

ವೈದ್ಯನು ಹೀಗೆ ಸಂಕೋಚದಿಂದ ನುಡಿಯುವಲ್ಲಿ ನೆರೆಹೊರೆಯು ನಿಸ್ಸಂದೇಹವಾಗಿ ನುಡಿಯುವುದು. ನಮ್ಮ ಗುಂಡಗುರ್ತಿಯ ಸೀಮೆಯಲ್ಲಿ ಇಂತಹ ಶಿಶು ಹುಟ್ಟಿದರೆ ಬಾಣಂತಿಯನ್ನು ಮೊದಲು ಕೇಳುವ ಮಾತು, “ಗ್ರಹಣ ಹಿಡಿದಾಗ ಏನಾರ ಕೊಯ್ದಿದ್ದೇನವ್ವಾ?” ಎಂಬುದು. ತರ್ಕವನ್ನು ಓದಿದವರು ಇಲ್ಲಿ ಅನ್ವಯವ್ಯತಿರೇಕಗಳನ್ನು ನೋಡಬೇಕು. ಗ್ರಹಣಕಾಲದಲ್ಲಿ ಹೊರಗೆ ಬಂದು ಗೇಯುವ, ಕೊಯ್ಯುವ ಗರ್ಭಿಣಿಯರು ಅಸಂಖ್ಯರು. ಅವರ ಮಕ್ಕಳು ಸುಖವಾಗಿರುವರು. ಗ್ರಹಣವನ್ನು ಕಾಣದೆ ಕೋಣೆಯಲ್ಲಿ ಕುಳಿತ ತಾಯಂದಿರಿಗೂ ಸೀಳುತುಟಿಯ ಮಕ್ಕಳು ಹುಟ್ಟಿರುವರು. ಇದ್ದಲ್ಲಿ ಕಾರ್ಯವಿಲ್ಲ, ಇಲ್ಲದಲ್ಲಿ ಕಾರ್ಯವುಂಟು. ಇದು ಹೇತುವಲ್ಲ, ಕಾಕತಾಳೀಯವು. ಮೇಲಾಗಿ, ತುಟಿಯು ಕೂಡುವ ವಾರಗಳಲ್ಲಿ ತಾನು ಗರ್ಭಿಣಿಯೆಂಬುದೇ ಎಷ್ಟೋ ಹೆಂಗಸರಿಗೆ ನಿಶ್ಚಯವಾಗಿರುವುದಿಲ್ಲ. ತನಗೇ ತಿಳಿಯದ ಕಾಲದಲ್ಲಿ ನಡೆದುಹೋದ ಸಂಗತಿಗೆ ಅವಳನ್ನು ಅಪರಾಧಿನಿಯನ್ನಾಗಿ ಮಾಡುವುದು ಯಾವ ಧರ್ಮಶಾಸ್ತ್ರಕ್ಕೂ ಸಮ್ಮತವಾಗದು.

ಈ ನಂಬಿಕೆಯ ಬಲವೆಷ್ಟೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2019 ರ ದಶಂಬರ 26 ರ ಸೂರ್ಯಗ್ರಹಣದ ದಿನ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲರಾದ ಮಕ್ಕಳನ್ನು, ಊನವು ನೀಗಲೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ ಸುದ್ದಿಯು ದೇಶದಲ್ಲೆಲ್ಲಾ ಹಬ್ಬಿತು. ಆ ತಂದೆತಾಯಿಗಳನ್ನು ಕ್ರೂರಿಗಳೆನ್ನುವುದು ಸುಲಭ. ಆದರೆ ಅದು ಸತ್ಯವಲ್ಲ. ಮಗುವಿನ ಮೇಲಿನ ವಾತ್ಸಲ್ಯವೇ ಅವರ ಕೈಯಿಂದ ಆ ಗುಂಡಿಯನ್ನು ತೋಡಿಸಿತು. ವಾತ್ಸಲ್ಯವಿದ್ದರೆ ಸಾಲದು, ಅದಕ್ಕೆ ಸರಿಯಾದ ದಾರಿಯನ್ನು ತೋರಿಸಬಲ್ಲ ನೆರೆಯವರೂ ಬೇಕು. ಓದುಬರಹ ಬಲ್ಲ ಮನೆಗಳ ಹೊಣೆಯು ಇಲ್ಲಿಂದಲೇ ಪ್ರಾರಂಭವಾಗುವುದು.

ಗ್ರಹಣದ ಮಾತನ್ನು ಬಿಟ್ಟವರೂ ಕರ್ಮದ ಮಾತನ್ನು ಬಿಡರು. “ಅವರವರ ಪೂರ್ವಕರ್ಮ, ದೇವರು ಕೊಟ್ಟುದನ್ನು ಕತ್ತರಿಯಿಂದ ತಿದ್ದಬಹುದೇ?” ಎಂದು ಕೇಳುವರು. ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಆ ಸಿದ್ಧಾಂತವು ತನ್ನನ್ನು ತಾನು ಅಳೆದುಕೊಳ್ಳುವುದಕ್ಕೆ ಹೊರತು ನೆರೆಯವನ ತೊಟ್ಟಿಲಿನ ಮುಂದೆ ನಿಂತು ತೀರ್ಪು ಹೇಳುವುದಕ್ಕಲ್ಲ. ಶಿಶುವಿಗೆ ಸೀಳುತುಟಿಯು ಬಂದುದು ಅದರ ಪ್ರಾರಬ್ಧವೆನ್ನೋಣ. ಅದನ್ನು ಕಂಡೂ ಸುಮ್ಮನಿರುವುದು ನಮ್ಮ ಆಗಾಮಿಕರ್ಮವಲ್ಲವೇ? ದುರ್ಬಲವಾದ ದೈವವನ್ನು ಪುರುಷಪ್ರಯತ್ನವು ಗೆಲ್ಲುವುದೆಂದು ಚರಕನು ಹೇಳಿರುವನು. ಸುಶ್ರುತನು ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಹರಿದ ಕಿವಿ, ತುಂಡಾದ ಮೂಗುಗಳ ಸಂಧಾನವನ್ನು ವಿವರಿಸಿ, ತುಟಿಯ ಸಂಧಾನವನ್ನೂ ಅಲ್ಲಿಯೇ ಸೇರಿಸಿರುವನು. ಮುಖವನ್ನು ಸರಿಪಡಿಸುವುದು ದೈವದ್ರೋಹವೆಂದು ಆ ಋಷಿಗಳಿಗೆ ತೋರಲಿಲ್ಲ.

ಈ ಪ್ರಯತ್ನಕ್ಕೆ ಕಾಲನಿಯಮವುಂಟು. ಇದೇ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಅಂಗುಳ ಸೀಳಿದ ಶಿಶುವು ಮೊಲೆಯನ್ನು ಚೀಪಲಾರದು. ತಾಯಿಯ ಹಾಲನ್ನು ಹಿಂಡಿ, ಮಗುವನ್ನು ನೆಟ್ಟಗೆ ಹಿಡಿದು, ಒಳಲೆಯಿಂದಲೋ ಚಮಚದಿಂದಲೋ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಸಾಮಾನ್ಯವಾಗಿ 3 ರಿಂದ 6 ತಿಂಗಳೊಳಗೆ ತುಟಿಯನ್ನೂ, 9 ರಿಂದ 18 ತಿಂಗಳೊಳಗೆ ಅಂಗುಳವನ್ನೂ ಶಸ್ತ್ರವೈದ್ಯರು ಹೊಲಿದು ಕೂಡಿಸುವರು. ವಸಡಿನ ಎಲುಬಿನ ಸೀಳಿಗೆ, ಹೊಸ ಕೋರೆಹಲ್ಲು ಮೂಡುವ ಮುನ್ನ, 8 ರಿಂದ 11 ವರ್ಷಗಳ ನಡುವೆ, ಸೊಂಟದ ಎಲುಬಿನಿಂದ ತೆಗೆದ ಭಾಗವನ್ನು ತುಂಬುವರು. ಹಲ್ಲು ಬಂದು ನಿಲ್ಲುವುದಕ್ಕೆ ನೆಲವನ್ನು ಸಿದ್ಧಪಡಿಸಿದಂತೆ. ವಕ್ರವಾದ ಹಲ್ಲುಗಳನ್ನು ದಂತವೈದ್ಯರು ತಂತಿ ಕಟ್ಟಿ ಸಾಲಿಗೆ ತರುವರು.

ಅಂಗುಳದ ವಿಷಯದಲ್ಲಿ ಕಾಲವು ಏಕೆ ಮುಖ್ಯವೆಂಬುದು ವ್ಯಾಕರಣವನ್ನು ಓದಿದವರಿಗೆ ಬೇಗ ತಿಳಿಯುವುದು. ಓಷ್ಠ, ದಂತ, ತಾಲುಗಳು ವರ್ಣಗಳ ಸ್ಥಾನಗಳು. ತಾಲುವಿನಲ್ಲಿ ಸೀಳಿದ್ದರೆ ಬಾಯಲ್ಲಿ ನಿಲ್ಲಬೇಕಾದ ಉಸಿರು ಮೂಗಿಗೆ ಸೋರಿಹೋಗುವುದು. ಪಕಾರ ಬಕಾರಗಳು ಮಕಾರದ ಛಾಯೆಯನ್ನು ತಾಳುವುವು. ಮಗು “ಅಪ್ಪಾ” ಎಂದರೆ “ಅಮ್ಮಾ” ಎಂಬಂತೆ ಕೇಳುವುದು. ಮಾತು ಕಲಿಯುವ ವಯಸ್ಸಿಗೆ ಮುನ್ನ ಅಂಗುಳವು ಕೂಡದಿದ್ದರೆ ತಪ್ಪುಚ್ಚಾರವು ರೂಢಿಯಾಗಿ ಬೇರೂರುವುದು. ಆಮೇಲೆ ಶಸ್ತ್ರಕ್ರಿಯೆ ನಡೆದರೂ ವಾಕ್ಚಿಕಿತ್ಸಕರು ವರ್ಷಗಟ್ಟಲೆ ಶ್ರಮಪಡಬೇಕಾಗುವುದು. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಮಗು ಪಾಠಶಾಲೆಯಲ್ಲಿ ನಗೆಗೆ ಹೆದರಿ ಮೂಕನಂತೆ ಕೂರುವುದು. ಗ್ರಹಣದೋಷದ ಶಾಂತಿ, ಹರಕೆ, ಮುಹೂರ್ತವೆಂದು ಕಳೆದ ತಿಂಗಳುಗಳ ಬೆಲೆಯನ್ನು ಹೀಗೆ ಆ ಮಗುವೇ ತೆರುವುದು.

ಹಣವಿಲ್ಲವೆಂಬ ಅಡ್ಡಿಯೂ ಈಗ ಹಿಂದಿನಂತಿಲ್ಲ. 2013 ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಸೀಳುಗಳನ್ನು ಜನ್ಮದೋಷಗಳ ಪಟ್ಟಿಗೆ ಸೇರಿಸಿ, ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ ಚಿಕಿತ್ಸೆಗೆ ಕಳುಹಿಸುವ ಏರ್ಪಾಡಿದೆ. 1999 ರಲ್ಲಿ ಹುಟ್ಟಿದ ಸ್ಮೈಲ್ ಟ್ರೇನ್ ಸಂಸ್ಥೆಯು ತನ್ನೊಡನೆ ಸೇರಿದ ಆಸ್ಪತ್ರೆಗಳಲ್ಲಿ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿಸುವುದು. ಧಾರವಾಡದ ಎಸ್‌ಡಿಎಂ ದಂತವೈದ್ಯ ಮಹಾವಿದ್ಯಾಲಯದಲ್ಲಿ ಈ ಕಾರ್ಯಕ್ಕೆಂದೇ ನುರಿತ ವಿಭಾಗವಿದೆ. ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿದರೆ ದಾರಿಯು ತೆರೆಯುವುದು.

ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾತೀರದಲ್ಲಿ, ಅಶೋಕನ ಶಾಸನವಿರುವ ಶಿಲೆಯು ದೊರೆತಿದೆ. ಎಲ್ಲ ಜನರೂ ತನ್ನ ಮಕ್ಕಳೆಂದು ಅವನು ಅಧಿಕಾರಿಗಳಿಗೆ ತಿಳಿಸಿದ ಆಜ್ಞೆಯು ಅದರಲ್ಲಿದೆ. ತನ್ನ ಮಗುವೆಂದ ಮೇಲೆ ಯಾರೂ ಅದರ ಯೋಗ್ಯತೆಯನ್ನೂ ಪೂರ್ವಜನ್ಮವನ್ನೂ ವಿಚಾರಿಸುತ್ತ ಕೂರುವುದಿಲ್ಲ. ಎತ್ತಿಕೊಂಡು ವೈದ್ಯನಲ್ಲಿಗೆ ಓಡುವರು. ಪರರ ಮಗುವಿನ ವಿಷಯದಲ್ಲಿಯೂ ಹಾಗೆ ನಡೆಯುವುದೇ ಧರ್ಮವೆಂದು ನನ್ನ ಮತವು. ಆದುದರಿಂದ ಬಾಣಂತಿಯ ಮನೆಗೆ ಹೋದಾಗ ವಾಚಕರು “ಏನು ಮಾಡಿದ್ದೆ?” ಎಂದು ಕೇಳದೆ, “ದವಾಖಾನೆಗೆ ಯಾವಾಗ ಹೋಗುವುದು? ಜೊತೆಗೆ ಯಾರು ಬರಬೇಕು?” ಎಂದು ಕೇಳುವರಾಗಲಿ.